ಕಾರಿನ ಎಣ್ಣೆ, ಎದೆಯ ದಿಂಬು

ಹೇಳುವ ಮೊದಲೇ ಕೆಲಸ ಮಾಡಿ ಮುಗಿಸುವುದು ದೊಡ್ಡ ಗುಣವೆಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಅದು ಗುಣವೂ ಹೌದು, ಸ್ವಲ್ಪ ಮಟ್ಟಿಗೆ ಕಾಯಿಲೆಯೂ ಹೌದು ಎಂದು ಗೊತ್ತಾದದ್ದು ಒಂದು ಬೆಳಿಗ್ಗೆ ನಮ್ಮ ಮಾರುತಿ ಕಾರಿನ ಅಡಿಯಲ್ಲಿ ಅಂಗಾತ ಮಲಗಿದ್ದಾಗ. ಸರಕಾರಿ ಆಸ್ಪತ್ರೆಗೆ ನರ್ಸಾಗಿ ಸೇರಿ, ವಾರ್ಡುಗಳನ್ನೆಲ್ಲ ಆಳುವ ಹಿರಿಯ ಸಿಸ್ಟರ್ ಆಗಿ ನಿವೃತ್ತಳಾದವಳು ನಾನು. ನಮಗೆ ಕಲಿಸಿದ ಮೊದಲ ಪಾಠವೇ ಅದು. ರೋಗಿ ನೀರು ಕೇಳುವ ಮೊದಲು ಲೋಟ ಅವನ ಕೈಯಲ್ಲಿರಬೇಕು. ಡಾಕ್ಟರು ಕೈಚಾಚುವ ಮೊದಲು ಕತ್ತರಿ ಅವರ ಅಂಗೈಯಲ್ಲಿರಬೇಕು. ಈ ನಿಯಮಕ್ಕೆ ಒಂದೇ ಒಂದು ವಿನಾಯಿತಿ ಇತ್ತು. ಆಪರೇಷನ್ ಥಿಯೇಟರಿನಲ್ಲಿ ತೆರೆದದ್ದನ್ನು ಮುಚ್ಚುವ ಹೊತ್ತಿಗೆ ಮಾತ್ರ ನಾವು ಮುಂದೆ ಬೀಳುವ ಹಾಗಿಲ್ಲ. ‘ಮುಚ್ಚೋಣ’ ಎಂದು ಸರ್ಜನ್ ಬಾಯಿಬಿಟ್ಟು ಹೇಳಬೇಕು. ಅಲ್ಲಿಯವರೆಗೆ ಕೈಕಟ್ಟಿ ನಿಲ್ಲಬೇಕು. ಈ ವಿನಾಯಿತಿಯನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಇಂಥ ತರಬೇತಿ ಪಡೆದವಳನ್ನು ಕಟ್ಟಿಕೊಂಡ ಗಂಡಸಿನ ಪಾಡು ನೀವೇ ಊಹಿಸಿ. ತಲ್ಲೂರಿನ ನಮ್ಮ ಮನೆಯಲ್ಲಿ ಹಾಸಿಗೆಯ ಮೂಲೆ ಮಡಚದೆ ಯಾರೂ ಹಲ್ಲುಜ್ಜುವ ಹಾಗಿಲ್ಲ. ಟವೆಲು ಒಣಹಾಕಿದರೆ ಅಂಚಿಗೆ ಅಂಚು ಕೂಡಬೇಕು. ಊಟದ ಹೊತ್ತು, ಸ್ನಾನದ ಹೊತ್ತು, ಕಡೆಗೆ ಹರಟೆಯ ಹೊತ್ತಿಗೂ ಒಂದು ಕ್ರಮ. ಇನ್ನು ನನ್ನ ಕಿವಿಯೋ, ಅದು ನಿವೃತ್ತಿಯಾಗಲೇ ಇಲ್ಲ. ನಿಜವಾದ ಕೆಮ್ಮು, ರಜೆ ಬೇಕಾದವರ ಕೆಮ್ಮು, ಮನೆಗೆ ಹೋಗಲು ಮನಸ್ಸಿಲ್ಲದವರ ಕೆಮ್ಮು, ಈ ಮೂರನ್ನೂ ಮೂರು ವಾರ್ಡು ಆಚೆಯಿಂದಲೇ ಬೇರೆಬೇರೆಯಾಗಿ ಗುರುತಿಸುತ್ತಿದ್ದೆ. ಮದುವೆಯಾದ ಹೊಸತರಲ್ಲಿ ಇವರು ಒಮ್ಮೆ ನೆಂಟರ ಮನೆಯ ಪೂಜೆ ತಪ್ಪಿಸಿಕೊಳ್ಳಲು ಕೆಮ್ಮಿ ನೋಡಿದರು. ನಾನು ಅಂಗಿ ಇಸ್ತ್ರಿ ಮಾಡಿ ಕೈಗೆ ಕೊಟ್ಟೆ. ಆಮೇಲೆ ಅವರು ಆ ಪ್ರಯತ್ನ ಮಾಡಲಿಲ್ಲ.

ಇವರೆಂದರೆ ನನ್ನ ಯಜಮಾನರು. ಗಂಗೊಳ್ಳಿಯ ಒಂದು ಐಸ್ ಪ್ಲಾಂಟಿನಲ್ಲಿ ಮೀನಿಗೆ ಹಾಕುವ ಮಂಜುಗಡ್ಡೆ ಮಾಡಿಸುವುದೇ ಅವರ ಉದ್ಯೋಗವಾಗಿತ್ತು. ದಿನವಿಡೀ ಕಂಪ್ರೆಸರಿನ ಗಡಗಡದ ನಡುವೆ ಕೂಗಿ ಕೂಗಿ ಅವರ ಸಾಧಾರಣ ಮಾತೇ ಹೊಳೆಯ ಆಚೆ ದಡಕ್ಕೆ ಕೇಳುವಂತಿತ್ತು. ಯಂತ್ರಗಳನ್ನು ಮಕ್ಕಳಂತೆ ನೋಡಿಕೊಂಡವರು. ನಿವೃತ್ತಿಯಾದ ಮೇಲೆ ಒಂದು ಹಳೆಯ ಬಿಳಿ ಮಾರುತಿ ಕೊಂಡರು. ಅದರ ಎಂಜಿನ್ ಆಯಿಲನ್ನು ಮಳೆಗಾಲಕ್ಕೆ ಮೊದಲೊಮ್ಮೆ, ಮಳೆ ಬಿಟ್ಟ ಮೇಲೊಮ್ಮೆ ತಾವೇ ಬದಲಿಸುತ್ತಿದ್ದರು. ಗ್ಯಾರೇಜಿನವರು ಅದರ ಹತ್ತಿರ ಬರುವ ಹಾಗಿರಲಿಲ್ಲ. ಮರದ ದಪ್ಪ ಹಲಗೆಗಳಿಂದ ಎರಡು ಇಳಿಜಾರು ಮೆಟ್ಟು ಮಾಡಿಸಿಕೊಂಡಿದ್ದರು. ಮುಂದಿನ ಚಕ್ರಗಳನ್ನು ಅದರ ಮೇಲೆ ಹತ್ತಿಸಿ, ಅಡಿಗೆ ನುಸುಳಿ, ಹಳೆ ಎಣ್ಣೆ ಇಳಿಸಿ, ಹೊಸದು ತುಂಬಿ, ಕೊನೆಗೆ ಎಂಜಿನ್ನಿನ ಸದ್ದು ಕೇಳಲು ಹಟ್ಟಿಯಂಗಡಿಯವರೆಗೆ ಹೋಗಿ ಗಣಪತಿಗೆ ಕೈಮುಗಿದು ಬರುವುದು ಅವರ ಪದ್ಧತಿ. ಆ ದಿನ ಅವರಿಗೆ ಹಬ್ಬ, ನನಗೆ ಅಂಗಳದ ಕಲೆಗಳ ಶ್ರಾದ್ಧ.

ನಾವಿಬ್ಬರೂ ಜಗಳವಾಡದ ವಿಷಯವಿರಲಿಲ್ಲ. ಸಾರಿಗೆ ಉಪ್ಪು, ಕಿಟಕಿಯ ಬಾಗಿಲು, ರೇಡಿಯೋದ ಗಂಟಲು ಎಲ್ಲದಕ್ಕೂ ಅವರದೊಂದು, ನನ್ನದೊಂದು. ಸಿಟ್ಟು ಬಂದರೆ ನನ್ನನ್ನು ‘ಸಿಸ್ಟರ್’ ಎನ್ನುತ್ತಿದ್ದರು. ಇಂಥ ಮನುಷ್ಯ ಒಂದು ದಿನ ಎದೆ ಹಿಡಿದುಕೊಂಡು ಕೂತುಬಿಟ್ಟರು. ದೊಡ್ಡ ಆಸ್ಪತ್ರೆ, ಬೈಪಾಸ್ ಆಪರೇಷನ್, ಎದೆಯ ಮೂಳೆ ಸೀಳಿ ಮತ್ತೆ ಹೊಲಿದು ಮನೆಗೆ ಕಳಿಸಿದರು. ಜೊತೆಗೆ ಒಂದು ಪುಟ್ಟ ದಿಂಬು. ಕೆಮ್ಮು ಬಂದಾಗ, ಸೀನು ಬಂದಾಗ, ನಗು ಬಂದಾಗ ಅದನ್ನು ಎದೆಗೆ ಬಿಗಿಯಾಗಿ ಅವುಚಿಕೊಳ್ಳಬೇಕು. ಇಲ್ಲದಿದ್ದರೆ ಕೂಡುತ್ತಿರುವ ಮೂಳೆಗೆ ನೋವು. ಮೊದಲೆರಡಕ್ಕೆ ದಿಂಬು ಬಳಕೆಯಾಗುತ್ತಿತ್ತು. ಮೂರನೆಯದಕ್ಕೆ ಸಂದರ್ಭವೇ ಬರಲಿಲ್ಲ.

ಮನೆಗೆ ಬಂದ ಮೇಲೆ ನನ್ನ ಆಡಳಿತ ಶುರುವಾಯಿತು. ಮಾತ್ರೆ, ಗಂಜಿ, ನಡಿಗೆ, ನಿದ್ದೆ, ಎಲ್ಲ ಗಡಿಯಾರದ ಮುಳ್ಳಿನ ಮೇಲೆ. ಆಶ್ಚರ್ಯವೆಂದರೆ ಅವರು ಒಂದಕ್ಕೂ ಎದುರಾಡಲಿಲ್ಲ. ಉಪ್ಪಿಲ್ಲದ ಪಲ್ಯ ಬಡಿಸಿದೆ, ಉಂಡರು. ಕಿಟಕಿ ಮುಚ್ಚಿದೆ, ಸುಮ್ಮನಿದ್ದರು. ಏನು ಕೇಳಿದರೂ ಒಂದೇ ಉತ್ತರ: “ನೀ ಹೇಳ್ದಂಗೆ ಆಯ್ಲಿ.” ನನ್ನ ಇಡೀ ಸೇವಾವಧಿಯಲ್ಲಿ ಇಷ್ಟು ಒಳ್ಳೆಯ ರೋಗಿ ನನಗೆ ಸಿಕ್ಕಿರಲಿಲ್ಲ. ಮೊದಲು ಹೆಮ್ಮೆಪಟ್ಟೆ. ಆಮೇಲೆ ಹೆದರಿಕೆಯಾಗತೊಡಗಿತು. ಗಾಯ ಒಣಗುತ್ತಿತ್ತು, ನಾಡಿ ಸರಿಯಾಗಿತ್ತು, ಬಿ.ಪಿ. ಸರಿಯಾಗಿತ್ತು, ಮನುಷ್ಯ ಮಾತ್ರ ದಿನೇದಿನೇ ಮನೆಯೊಳಗೇ ಎಲ್ಲೋ ಸಣ್ಣಗೆ ಕರಗಿಹೋಗುತ್ತಿದ್ದ, ಮರದ ಹೊಟ್ಟಿನಿಂದ ಹೊರತೆಗೆದ ಮಂಜುಗಡ್ಡೆಯ ಹಾಗೆ. ಅದಕ್ಕೆ ಯಾವ ಮಾತ್ರೆ ಎಂದು ನನಗೆ ಯಾರೂ ಕಲಿಸಿರಲಿಲ್ಲ.

ಇದನ್ನು ನನಗಿಂತ ಮೊದಲು ಬಾಯಿಬಿಟ್ಟು ಹೇಳಿದವಳು ಮೀನು ಮಾರುವ ಗಿರಿಜ. ಹಿಂದೆಲ್ಲ ಅವಳು ಬುಟ್ಟಿ ಇಳಿಸಿದರೆ ಇವರು ಒಂದೊಂದೇ ಬಂಗುಡೆಯ ಕಿವಿರು ಎತ್ತಿ ನೋಡಿ, “ಇದ್ ಮೊನ್ನೆಯಿಂದ ಐಸಗೆ ಮಲ್ಕಂಡದ್. ನಂಗೆ ಕಲಿಸ್ತ್ಯಾ?” ಎಂದು ದೊಡ್ಡ ವ್ಯಾಜ್ಯ ಹೂಡುತ್ತಿದ್ದರು. ಅವಳೂ ಬಿಡುತ್ತಿರಲಿಲ್ಲ. ಅರ್ಧ ತಾಸು ಅಂಗಳದಲ್ಲಿ ಯಕ್ಷಗಾನ. ಈಗ ಅವರು ಜಗಲಿಯ ಕುರ್ಚಿಯಿಂದಲೇ “ಯಾವ್ದಾರೂ ಕೊಟ್ಟ್ ಹೋಗ್” ಅನ್ನುತ್ತಿದ್ದರು. ಗಿರಿಜ ಹಿತ್ತಲ ಬಾಗಿಲಿಗೆ ಬಂದು ದನಿ ತಗ್ಗಿಸಿ ಕೇಳಿದಳು: “ಸಿಸ್ಟ್ರಮ್ಮ, ಅಣ್ಣಯ್ಯಂಗೆ ಎಂತ ಆಯ್ತ್? ಕೊಟ್ಟದ್ದೆಲ್ಲ ತಕಂತ್ರಪ. ಅವ್ರ್ ಗಲಾಟೆ ಮಾಡ್ದಿರೆ ನಂಗೆ ಮೀನ್ ಮಾರ್ದಂಗೇ ಆತಿಲ್ಲೆ.”

“ಆರಾಮ್ ಇದ್ರ್, ಗಿರಿಜ. ಡಾಕ್ಟ್ರ್ ಮಾತಾಡ್ಬೇಡಿ ಅಂದಿದ್ರ್,” ಎಂದು ಸುಳ್ಳು ಹೇಳಿದೆ.

“ಮಾತಾಡ್ಬೇಡಿ ಅಂದದ್ದ್ ಡಾಕ್ಟ್ರಾ, ನೀವಾ?” ಎಂದು ಕೇಳಿ ಬುಟ್ಟಿ ಹೊತ್ತು ನಡೆದೇಬಿಟ್ಟಳು. ಅವಳ ನಾಲಗೆ ಅವಳ ಮೀನುಕತ್ತಿಗಿಂತ ಚುರುಕು.

ಅಷ್ಟರಲ್ಲಿ ಮಳೆಗಾಲ ಹತ್ತಿರ ಬಂತು. ಎಣ್ಣೆ ಬದಲಿಸುವ ಕಾಲ. ಇವರು ಬೆಳಿಗ್ಗೆ ನಡಿಗೆ ಮುಗಿಸಿ ಬರುವಾಗ ಕಾರಿನ ಬಳಿ ನಿಲ್ಲುವುದನ್ನು ಕಿಟಕಿಯಿಂದ ನೋಡುತ್ತಿದ್ದೆ. ಬಾನೆಟ್ ಎತ್ತುವ ಹಾಗಿಲ್ಲ, ಭಾರ. ಸುಮ್ಮನೆ ಅದರ ಮೇಲೆ ಅಂಗೈ ಇಟ್ಟು, ಜ್ವರ ನೋಡುವವರ ಹಾಗೆ ನಿಂತು, ಒಳಗೆ ಬರುತ್ತಿದ್ದರು. ಆಸ್ಪತ್ರೆಯ ಗಲಾಟೆಗೆ ಮೊದಲೇ ತಂದಿಟ್ಟ ಹೊಸ ಎಣ್ಣೆಯ ಡಬ್ಬ ಕೋಣೆಯ ಮೂಲೆಯಲ್ಲಿ ಕೂತಿತ್ತು. ಒಂದು ದಿನ ಕಾಫಿ ಕೊಡುವಾಗ ನಾನೇ ತೆಗೆದೆ. “ಕಾರಿನ ಎಣ್ಣೆ ಕರಿ ಆಯಿತ್ತ್. ಗ್ಯಾರೇಜಿಗೆ ಕಳ್ಸುವನಾ?” ಎಂದೆ. ಕುರ್ಚಿಯಿಂದ ಎದ್ದು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿ ಎಂದೇ ಕೇಳಿದ್ದೆ. ಅವರು ಲೋಟದೊಳಗೆ ನೋಡಿಕೊಂಡು, “ನೀ ಹೇಳ್ದಂಗೆ ಆಯ್ಲಿ” ಎಂದರು.

ಯೋಚಿಸದೆ ಬಾಯಿಂದ ಬಂದುಬಿಟ್ಟಿತು: “ಗ್ಯಾರೇಜ್ ಬೇಡ. ನಾ ಕಾರಿನ ಅಡಿಗೆ ಹೋತೆ. ನೀವ್ ಕುರ್ಚಿ ಹಾಕ್ಕಂಡ್ ಕೂಕಂಡ್ ಹೇಳಿ.”

ಅವರು ತಲೆಯೆತ್ತಿದರು. “ನೀನಾ?” ಎಂದರು.

ಒಂದೇ ಒಂದು ಪದ. ಆದರೆ ಅದರಲ್ಲಿ ಎಷ್ಟು ಅಪನಂಬಿಕೆ, ಎಷ್ಟು ತಾತ್ಸಾರ! ಎರಡು ತಿಂಗಳಿಂದ ನಾನು ಕಾಯುತ್ತಿದ್ದದ್ದು ಅದಕ್ಕೇ. ಆಗಲೇ ಮನಸ್ಸಿನಲ್ಲಿ ಒಂದು ವ್ರತ ಹಿಡಿದೆ. ನಾಳೆ ಕಾರಿನ ಕೆಲಸದಲ್ಲಿ ಇವರು ಸರ್ಜನ್, ನಾನು ನರ್ಸು. ಇವರು ಹೇಳದೆ ಒಂದು ಬೋಲ್ಟನ್ನೂ ಮುಟ್ಟುವುದಿಲ್ಲ. ಹೇಳಿಸಿಕೊಂಡೇ ಮಾಡುತ್ತೇನೆ.

ಮರುದಿನ ಬೆಳಿಗ್ಗೆ ಅಂಗಳಕ್ಕೆ ರಬ್ಬರ್ ಶೀಟು ಹಾಸಿ, ಅದರ ಮೇಲೆ ಚಾಪೆ ಹಾಕಿದೆ. ಬಿಸಿನೀರಿನಲ್ಲಿ ತೊಳೆದ ಸ್ಪ್ಯಾನರುಗಳನ್ನು ಬಿಳಿ ಬಟ್ಟೆಯ ಮೇಲೆ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿದೆ. ಕೈಗೆ ಗ್ಲೌಸು, ತಲೆಗೆ ಬಟ್ಟೆ, ಸೀರೆಯ ಮೇಲೆ ಇವರ ಹಳೆಯ ಅಂಗಿ. ಕುರ್ಚಿಯಲ್ಲಿ ದಿಂಬು ಹಿಡಿದು ಕೂತಿದ್ದ ಇವರು ಬಹಳ ಹೊತ್ತು ನೋಡಿ, “ಎಂತ ಮಾರಾಯ್ತಿ ಇದ್? ಕಾರಿಗೆ ಹೆರ್ಗಿ ಮಾಡ್ಸುಕಾ?” ಎಂದು ಕೇಳಿದರು. ನಾನು ಗ್ಲೌಸು ಬಿಗಿದುಕೊಂಡೆ. ಥಿಯೇಟರಿನಲ್ಲಿ ನರ್ಸು ಹೆಚ್ಚು ಮಾತಾಡುವ ಹಾಗಿಲ್ಲ.

ಕಾರನ್ನು ಮೆಟ್ಟಿನ ಮೇಲೆ ಹತ್ತಿಸಿದ್ದು ನಾನೇ. ಕಾರು ಓಡಿಸಲು ಇವರೇ ನನಗೆ ಕಲಿಸಿದ್ದರು. ಕಲಿಸುವಾಗಿನ ಜಗಳದಲ್ಲಿ ನಮ್ಮ ದಾಂಪತ್ಯ ಉಳಿದದ್ದೇ ದೊಡ್ಡದು. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಎಣ್ಣೆ ಬೆಚ್ಚಗಾಗಲೆಂದು ಸ್ವಲ್ಪ ಹೊತ್ತು ಎಂಜಿನ್ ಓಡಿಸಿ, ಬಾನೆಟ್ ಎತ್ತಿ ಕಡ್ಡಿ ಕೊಟ್ಟು, ಕೈಕಟ್ಟಿ ನಿಂತೆ. “ಮುಂದೆ?” ಎಂದೆ. “ನೀನೇ ಕಾಣ್,” ಎಂದರು. “ಇಲ್ಲೆ. ನೀವ್ ಹೇಳ್ದೆ ನಾ ಮುಟ್ತಿಲ್ಲೆ.” ಅವರು ಅನುಮಾನದಿಂದ ನನ್ನ ಮುಖ ನೋಡಿದರು. ನನಗೇ ಜ್ವರ ಬಂದಿರಬಹುದೆಂದು ಅವರಿಗೆ ಅನ್ನಿಸಿರಬೇಕು. ನಂತರ ಸಣ್ಣ ದನಿಯಲ್ಲಿ, “ಮೇಲಿನ ಮುಚ್ಚಳ ತೆಗಿ. ಆಮೇಲೆ ಅಡಿಗೆ ಹೋಗ್,” ಎಂದರು. ತೆಗೆದೆ. ಹೋದೆ.

ಅರವತ್ತು ದಾಟಿದ ಮೇಲೆ ಕಾರಿನ ಅಡಿಗೆ ನುಸುಳುವುದು ಹೇಗೆಂದು ಯಾವ ತರಬೇತಿ ಶಾಲೆಯೂ ಹೇಳಿಕೊಡುವುದಿಲ್ಲ. ಮೊದಲು ತಲೆ ಹೋಯಿತು, ಆಮೇಲೆ ಭುಜ. ಉಳಿದದ್ದು ಸ್ವಲ್ಪ ಚರ್ಚೆ ಮಾಡಿ ಒಳಗೆ ಬಂತು. ಕಾರನ್ನು ಕೆಳಗಿನಿಂದ ನೋಡಿದ್ದು ಅದೇ ಮೊದಲು. ಮೇಲೆ ಅಷ್ಟು ಬೆಳ್ಳಗೆ ಹೊಳೆಯುವ ಪ್ರಾಣಿ, ಅಡಿಯಲ್ಲಿ ನಮ್ಮೆಲ್ಲರ ಹಾಗೇ.

“ಬೋಲ್ಟ್ ಕಂಡ್ತಾ?” ಎಂದು ಮೇಲಿನಿಂದ ದನಿ.

“ಕಂಡ್ತ್.”

“ಎಡಕ್ಕೆ ತಿರ್ಗ್ಸ್.”

“ಯಾರ ಎಡ?”

“ಅಂದ್ರೆ?”

“ಪೇಶೆಂಟಿನ ಎಡವಾ, ನನ್ನ ಎಡವಾ?” ನಮ್ಮಲ್ಲಿ ಎಡ ಬಲ ಎಂದರೆ ಯಾವಾಗಲೂ ರೋಗಿಯದು. ಈ ತಪ್ಪಿಗೆ ಕಲಿಯುವಾಗ ನನಗೆ ಬೈಗುಳ ಬಿದ್ದಿದೆ.

“ಅಯ್ಯೋ ದೇವ್ರೆ! ಕಾರಿಗೆ ಎಂತ ಎಡ ಬಲ? ಡಬ್ಬಿ ಮುಚ್ಚಳ ತೆಗೂದ್ ಹ್ಯಾಂಗೆ? ಹಾಂಗೆ!” ದನಿ ಒಂದು ಮೆಟ್ಟಿಲು ಏರಿತ್ತು. ನಾನು ಕತ್ತಲಲ್ಲಿ ಖುಷಿಯಿಂದ ಸ್ಪ್ಯಾನರ್ ಎತ್ತಿದೆ. “ಹ್ವಾಯ್! ಅದಲ್ಲ ಮಾರಾಯ್ತಿ, ಅದ್ ಸಣ್ಣದ್! ಅದ್ರ ಆಚಿದ್! ಕಣ್ ಇತ್ತಾ ಇಲ್ಯಾ?” ಈ ಸಲದ ಕೂಗು ಹೆದ್ದಾರಿಯವರೆಗೆ ಹೋಗಿರಬೇಕು. ಐಸ್ ಪ್ಲಾಂಟಿನ ಕೂಗು! ಎಷ್ಟು ದಿನಗಳ ಮೇಲೆ ಕೇಳುತ್ತಿದ್ದೆ. ಬೇಕೆಂದೇ ಇನ್ನೊಮ್ಮೆ ತಪ್ಪು ಸ್ಪ್ಯಾನರ್ ಹಿಡಿದೆ ಎಂದು ಹೇಳಿದರೆ ನೀವು ನಂಬಬೇಕು.

ಬೋಲ್ಟು ಬಿಟ್ಟುಕೊಂಡಿತು. ಕರಿ ಎಣ್ಣೆ ಬೆಚ್ಚಗೆ ಕೈಮೇಲೆ ಇಳಿದು, ಅಡಿಯಲ್ಲಿ ಇಟ್ಟಿದ್ದ ದೊಡ್ಡ ಟಬ್ಬಿಗೆ ಬಿತ್ತು. ಬೋಲ್ಟನ್ನು ಒರೆಸಿ ಅಂಗೈಯಲ್ಲಿ ಹಿಡಿದುಕೊಂಡೆ. ಮೇಲೆ ಇವರಿಗೆ ಮಾತು ಬಂದಿತ್ತು. “ನಿಂಗೊತ್ತಾ, ಎಣ್ಣೆ ಬೆರಳಿಗೆ ತಕಂಡ್ ಉಜ್ಜಿ ಕಾಣ್ಕ್. ಪ್ಲಾಂಟಿನ ದೊಡ್ಡ ಕಂಪ್ರೆಸರ್ ಒಂದ್ಸಲ ನಿಂತೋಯಿತ್ತ್...” ಎಂದು ಕತೆ ಶುರುವಾಯಿತು. ಮೀನು ತುಂಬಿದ ದೋಣಿಗಳು ದಡದಲ್ಲಿ ಕಾಯುತ್ತಿದ್ದದ್ದು, ಗಡ್ಡೆ ಇಲ್ಲದೆ ಎಲ್ಲರೂ ಕೂಗಾಡಿದ್ದು, ಇವರು ಎಣ್ಣೆ ಮೂಸಿ ನೋಡಿ ರೋಗ ಹಿಡಿದದ್ದು. ಈ ಕತೆಯನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಹಿಂದೆಲ್ಲ ಅರ್ಧಕ್ಕೇ ‘ಗೊತ್ತಿತ್ತ್, ಗೊತ್ತಿತ್ತ್’ ಎಂದು ತಡೆಯುತ್ತಿದ್ದೆ. ಅಂದು ತಡೆಯಲಿಲ್ಲ. ಎಣ್ಣೆಯ ಧಾರೆ ಸಣ್ಣದಾಗಿ, ದಾರವಾಗಿ, ಹನಿಯಾಗಿ ನಿಂತಿತು. ನಾನು ಬೋಲ್ಟು ಹಿಡಿದು ಅಪ್ಪಣೆಗೆ ಕಾಯುತ್ತ ಮಲಗಿದ್ದೆ. ಮೇಲೆ ಕುರ್ಚಿ ಸರಿದ ಸದ್ದು, ಡಬ್ಬ ತೆರೆದ ಸದ್ದು, ಎಣ್ಣೆ ಹೊಯ್ಯುವ ಲಾಳಿಕೆ ಇಟ್ಟ ಸದ್ದು. ಕತೆ ನಡೆದೇ ಇತ್ತು.

ಆಮೇಲೆ ಬೋಲ್ಟಿನ ತೂತಿನಿಂದ ಜೇನಿನ ಬಣ್ಣದ ಎಣ್ಣೆ ಇಳಿಯತೊಡಗಿತು. ಬಿಸಿಲು ಓರೆಯಾಗಿ ಬಿದ್ದು ಅದು ಬಂಗಾರದ ಎಳೆಯ ಹಾಗೆ ಹೊಳೆಯುತ್ತಿತ್ತು. ಎಷ್ಟು ಚಂದ ಎಂದು ನೋಡಿದೆ. ನಿಮಗೆ ನಗು ಬರಬಹುದು, ಆದರೆ ನನ್ನ ತಲೆಯಲ್ಲಿ ಓಡಿದ ವಿಚಾರ ಸರಳವಾಗಿತ್ತು. ಗಾಯ ಮುಚ್ಚುವ ಮೊದಲು ತೊಳೆಯುವುದಿಲ್ಲವೇ? ಇದೂ ಹಾಗೇ, ಹೊಸ ಎಣ್ಣೆಯಿಂದ ಒಳಗನ್ನೆಲ್ಲ ತೊಳೆಯುತ್ತಿದ್ದಾರೆ, ಇಷ್ಟು ವರ್ಷ ಮಾಡಿದವರಿಗೆ ಗೊತ್ತಿಲ್ಲದೆ ಇರುತ್ತದೆಯೇ? ಕೇಳಬೇಕು ಅನ್ನಿಸಿತು. ವ್ರತ ನೆನಪಾಯಿತು. ಬಾಯಿ ಮುಚ್ಚಿಕೊಂಡೆ.

ಡಬ್ಬ ಬರಿದಾದ ಗುಡುಗುಡು ಕೇಳಿತು. “ಆಯ್ತ್. ಮೇಲ್ ಬಾ,” ಎಂದರು ಗೆದ್ದವರ ದನಿಯಲ್ಲಿ.

“ಬತ್ತೆ. ಇದ್ ಮುಚ್ಚೂದ್ ಯಾವಾಗ?”

“ಯಾವ್ದ್?”

“ಬೋಲ್ಟ್. ನನ್ನ ಕೈಯಗೇ ಇತ್ತಲೆ. ನೀವ್ ಮುಚ್ಚ್ ಅಂತ ಹೇಳ್ಲಿಲ್ಲೆ.”

ಹೆದ್ದಾರಿಯಲ್ಲಿ ಒಂದು ಬಸ್ಸು ಹೋಯಿತು. ನಂತರ ಮೇಲಿನಿಂದ ಒಂದು ವಿಚಿತ್ರ ಸದ್ದು ಶುರುವಾಯಿತು. ಉಸಿರು ಸಿಕ್ಕಿಕೊಂಡ ಹಾಗೆ, ಮಧ್ಯೆ ಮಧ್ಯೆ ನರಳಿದ ಹಾಗೆ. ಕೆಮ್ಮಲ್ಲ. ನನ್ನ ಕಿವಿಯ ಯಾವ ಪಟ್ಟಿಯಲ್ಲೂ ಅದು ಇರಲಿಲ್ಲ. ಎದೆ! ಬಾನೆಟ್ಟಿನ ಮುಂದೆ ಬಗ್ಗಿ, ಡಬ್ಬ ಎತ್ತಿ, ಎದೆಗೆ ಏನೋ ಆಗಿದೆ! ಎಣ್ಣೆ ಹೊಯ್ಯಲು ಬಿಟ್ಟವಳು ನಾನೇ. ನುಸುಳಲು ಅಷ್ಟು ಹೊತ್ತು ತೆಗೆದುಕೊಂಡಿದ್ದವಳು ಹೊರಗೆ ಬಂದದ್ದು ಹೇಗೆಂದು ಈಗಲೂ ಗೊತ್ತಿಲ್ಲ. ತಲೆಗೆ ಬಂಪರ್ ಬಡಿಯಿತು, ಟಬ್ಬು ಅಲುಗಿ ಮೊಣಕೈವರೆಗೆ ಎಣ್ಣೆಯಾಯಿತು. ಎದ್ದು ಓಡಿ ಅವರ ಮಣಿಕಟ್ಟು ಹಿಡಿದು ನಾಡಿ ನೋಡಿದೆ.

ಅವರ ಕಣ್ಣಲ್ಲಿ ನೀರು. ಮುಖ ಕೆಂಪು. ಒಂದು ಕೈಯಲ್ಲಿ ಎದೆ ಒತ್ತಿಕೊಂಡಿದ್ದರು, ಇನ್ನೊಂದನ್ನು ನನ್ನಿಂದ ಬಿಡಿಸಿಕೊಂಡು ಕುರ್ಚಿಯ ಕಡೆ ತೋರಿಸುತ್ತಿದ್ದರು. “ದಿಂಬ್... ದಿಂಬ್ ತಾ ಮಾರಾಯ್ತಿ... ಸಾಯ್ತೆ ನಾ ಈಗ...” ನಗುತ್ತಿದ್ದರು! ನಾನು ದಿಂಬು ತಂದು ಅವರ ಎದೆಗೆ ಒತ್ತಿ ಹಿಡಿದೆ. ಎರಡೂ ಅಂಗೈಯ ಕರಿ ಅಚ್ಚು ಬಿಳಿ ದಿಂಬಿನ ಮೇಲೆ ಮೂಡಿ ಕೂತಿತು. ಅವರು ಅದನ್ನೂ ನೋಡಿ ಇನ್ನಷ್ಟು ನಕ್ಕರು. “ಮದಿ ಆಯಿ ಇಷ್ಟ್ ವರ್ಷ ಆಯ್ತ್, ಒಂದ್ ದಿನ ನನ್ನ ಮಾತ್ ಕೇಂಡಿದ್ದಿಲ್ಲೆ. ನಾ ಹೇಳೂಕ್ ಮೊದ್ಲೇ ಎಲ್ಲ ಮಾಡಿ ಮುಗ್ಸ್ತ್ಯಲೆ, ಬೋಲ್ಟ್ ಮುಚ್ಚಿರ್ತ್ಯ ಅಂದೇಳಿ ಹೊಯ್ದೆ ನಾ! ಮಾತ್ ಕೇಂಬುದಾರೆ ಇವತ್ತೇ ಕೇಣ್ಕಾ, ಸಿಸ್ಟರ್?”

ಸಿಸ್ಟರ್! ನನಗೆ ಅಳು ಬಂತು. ನಗುವಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಗಿರಿಜ ಬಂದಳು. ಹಳೆ ಎಣ್ಣೆಗೆ ಅವಳೇ ಕಾಯಂ ವಾರಸುದಾರಳು. ಕಟ್ಟಿಗೆ ಕೊಟ್ಟಿಗೆಯ ಮರದ ಕಂಬಗಳಿಗೆ ಗೆದ್ದಲು ಹಿಡಿಯದಿರಲೆಂದು ಬಳಿಯುತ್ತಾಳೆ. ಮೀನಿನ ಬುಟ್ಟಿ ಇಳಿಸಿ, ಕಪ್ಪು ಬಳಿದುಕೊಂಡ ನನ್ನನ್ನೂ, ದಿಂಬು ತಬ್ಬಿ ನಗುತ್ತಿದ್ದ ಇವರನ್ನೂ ಮೇಲಿಂದ ಕೆಳಗೆ ನೋಡಿದಳು. ಟಬ್ಬಿನೊಳಗೆ ಬಗ್ಗಿ, “ಈ ಸಲ ಎಣ್ಣೆ ಭಾರೀ ಚಂದ ಇತ್ತ್. ಜಾಸ್ತಿಯೂ ಇತ್ತ್. ಸಿಸ್ಟ್ರಮ್ಮ, ಇನ್ ಮೇಲೆ ನೀವೇ ಮಾಡಿ,” ಎಂದಳು.

ಎಣ್ಣೆಯಿಲ್ಲದ ಕಾರಿನಲ್ಲಿ ಎಣ್ಣೆ ತರಲು ಹೋಗುವ ಹಾಗಿಲ್ಲವಲ್ಲ. ಕೈ ತೊಳೆದು, ಸೀರೆ ಬದಲಿಸಿ, ಕುಂದಾಪುರಕ್ಕೆ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಪಕ್ಕದ ಹೆಂಗಸು ಸ್ವಲ್ಪ ಸರಿದು ಕೂತಳು. ಯಾಕೆಂದು ಮನೆಗೆ ಬಂದು ಕನ್ನಡಿ ನೋಡಿದಾಗ ತಿಳಿಯಿತು: ಹಣೆಯಿಂದ ಕಿವಿಯವರೆಗೆ ಒಂದು ಕಪ್ಪು ಪಟ್ಟೆ. ಅಂಗಡಿಯವನು, “ಅಣ್ಣ ಮೊದ್ಲೇ ಒಂದ್ ಡಬ್ಬ ತಕಂಡಿದ್ರಲೆ?” ಎಂದು ಕೇಳಿದ. “ಕುಡ್ಸಿದ್ದ್ ಕೂಡ್ಲೆ ಕಕ್ಕಿತ್ತ್,” ಎಂದೆ. ಅವನು ಇನ್ನೊಂದು ಡಬ್ಬ ತೆಗೆದುಕೊಟ್ಟ.

ಎರಡನೆಯ ಸಲ “ಮುಚ್ಚ್!” ಎಂಬ ಅಪ್ಪಣೆ ಬೈಂದೂರಿನವರೆಗೆ ಕೇಳುವ ಹಾಗೆ ಬಂತು. ಡಬ್ಬವನ್ನು ಅವರಿಗೆ ಮುಟ್ಟಗೊಡದೆ ನಾನೇ ಹೊಯ್ದೆ. ಅವರು ಅಂಚಿನಲ್ಲಿ ನಿಂತು ತಪ್ಪು ಹುಡುಕಿದರು. ಸಂಜೆ ನಾನು ಕಾರು ಓಡಿಸಿದೆ, ಇವರು ಪಕ್ಕದಲ್ಲಿ ಬೆಲ್ಟಿಗೂ ಎದೆಗೂ ನಡುವೆ ಆ ಕರಿ ಅಚ್ಚಿನ ದಿಂಬಿಟ್ಟುಕೊಂಡು ಕೂತರು. ಹಟ್ಟಿಯಂಗಡಿಯವರೆಗೂ ಗೇರು, ಬ್ರೇಕು, ಹಾರ್ನು ಎಂದು ಪಾಠ ನಡೆಯಿತು. ಗಣಪತಿಗೆ ಕೈಮುಗಿದು ಬಂದು, ಎಂಜಿನ್ನಿಗೆ ಕಿವಿಗೊಟ್ಟು, “ದನಿ ಸಮಾ ಇತ್ತ್,” ಎಂದರು. ನಾನೂ ಅದನ್ನೇ ಯೋಚಿಸುತ್ತಿದ್ದೆ, ಬೇರೆ ದನಿಯ ಬಗ್ಗೆ. ಮರುದಿನ ಬೆಳಿಗ್ಗೆ ಅಂಗಳದಲ್ಲಿ ಬಂಗುಡೆಯ ಕಿವಿರಿನ ಮೇಲೆ ಭಾರೀ ಯುದ್ಧವಾಯಿತು. ಸೋತವರು ಯಾರೆಂದು ಗೊತ್ತಿಲ್ಲ. ಗಿರಿಜ ಮಾತ್ರ ಹಾಡಿಕೊಂಡು ಹೋದಳು. ಮಧ್ಯಾಹ್ನ ಪಲ್ಯಕ್ಕೆ ಉಪ್ಪಿಲ್ಲವೆಂದು ತಟ್ಟೆ ದೂಡಿದರು. ಅಷ್ಟು ಸಂತೋಷದಿಂದ ನಾನು ಯಾರಿಗೂ ಉಪ್ಪು ನಿರಾಕರಿಸಿದ್ದಿಲ್ಲ.

ಮಳೆಗಾಲ ಮುಗಿಯುವಷ್ಟರಲ್ಲಿ ಮೂಳೆ ಪೂರ್ತಿ ಕೂಡಿತು. ಡಾಕ್ಟರು ಪರೀಕ್ಷಿಸಿ, ಇನ್ನು ಎಲ್ಲ ಕೆಲಸ ಮಾಡಬಹುದು, ದಿಂಬೂ ಬೇಡ ಎಂದರು. ಮತ್ತೆ ಎಣ್ಣೆ ಬದಲಿಸುವ ದಿನ ಬಂದಾಗ ನಾನು ಹಲಗೆಗಳನ್ನು ಇಟ್ಟು, ಸ್ಪ್ಯಾನರ್ ಜೋಡಿಸಿ, ಅಂಗಳದಲ್ಲಿ ಕುರ್ಚಿಯಲ್ಲಿ ಆರಾಮವಾಗಿ ಕೂತಿದ್ದ ಇವರಿಗೆ, “ಏಳಿ. ನಿಮ್ಮ ಕೆಲಸ ನೀವ್ ಮಾಡ್ಕಣಿ. ಡಾಕ್ಟ್ರ್ ಅಡ್ಡಿಲ್ಲೆ ಅಂದಿದ್ರಲೆ,” ಎಂದೆ. ಅವರು ಕಾರನ್ನು ನೋಡಿದರು, ನನ್ನನ್ನು ನೋಡಿದರು. ನಿಧಾನವಾಗಿ ಬೆನ್ನ ಹಿಂದಿನಿಂದ ಆ ದಿಂಬನ್ನು ಹೊರತೆಗೆದರು. ಎಷ್ಟು ಕುದಿಸಿ ತೊಳೆದರೂ ನನ್ನ ಕೈಯಚ್ಚು ಅದರಿಂದ ಹೋಗಿರಲಿಲ್ಲ. ಅದನ್ನು ಎದೆಗೆ ಅವುಚಿಕೊಂಡು ಒಮ್ಮೆ ಕೆಮ್ಮಿದರು.

ಅಷ್ಟು ಸುಳ್ಳಾದ ಕೆಮ್ಮನ್ನು ನನ್ನ ಇಡೀ ಸೇವೆಯಲ್ಲಿ ನಾನು ಕೇಳಿರಲಿಲ್ಲ. ಸ್ಪ್ಯಾನರ್ ತೆಗೆದುಕೊಂಡು, ಅವರು ಹೇಳುವ ಮೊದಲೇ, ಚಾಪೆಯ ಮೇಲೆ ಮಲಗಿದೆ.